ಕಿವಿಗೆ ಸಿಕ್ಕ ಎಳೆ ಹಿಡಿದು: ಅಪರೂಪದ ಸಂಗೀತ ಹುಡುಕುವ, ಇನ್ನೊಬ್ಬರಿಗೆ ಕೇಳಿಸುವ ಸಮಗ್ರ ಮಾರ್ಗದರ್ಶಿ

ಹೊಸದೇನಾದರೂ ಕೇಳೋಣ ಎಂದು ಫೋನ್ ತೆಗೆದರೆ ಆ್ಯಪ್ ಕೊಡುವುದು ನಿನ್ನೆ ಕೇಳಿದ್ದಕ್ಕೆ ತೀರಾ ಹತ್ತಿರದ್ದನ್ನೇ. ಅದರ ಲೆಕ್ಕಾಚಾರವೇ ಹಾಗಿದೆ. ನಿಮ್ಮಂತೆಯೇ ಕೇಳುವ ಬೇರೆಯವರು ಏನು ಕೇಳಿದರೋ ಅದು ನಿಮ್ಮ ಮುಂದೆ ಬರುತ್ತದೆ. ಕಡಿಮೆ ಜನ ಕೇಳಿದ ಸಂಗೀತ ಆ ಲೆಕ್ಕದಲ್ಲಿ ಮೇಲೆ ಬರುವುದೇ ಕಷ್ಟ. ಇನ್ನು ಕೆಲವರು "ಸಾಯುವ ಮೊದಲು ಕೇಳಲೇಬೇಕಾದ" ಎಂಬಂಥ ಪಟ್ಟಿ ಹಿಡಿದು ಕೂರುತ್ತಾರೆ. ಮೂರು ನಾಲ್ಕು ಕೇಳುವಷ್ಟರಲ್ಲಿ ಸುಸ್ತು. ಪಟ್ಟಿ ಮಾಡಿದವರ ಕಿವಿಯೇ ಬೇರೆ, ನಮ್ಮ ಕಿವಿಯೇ ಬೇರೆ.

ನಾನು ಹೇಳುವ ದಾರಿ ಇಷ್ಟು: ಪ್ರಕಾರದ ಹೆಸರು ಹಿಡಿದು ಹುಡುಕಬೇಡಿ. ನಿಮಗೆ ಈಗಾಗಲೇ ಇಷ್ಟವಿರುವ ನಾದದ ಒಂದು ಗುಣ ಹಿಡಿದು ಹುಡುಕಿ. ಆ ಗುಣವನ್ನು ಎಳೆ ಎನ್ನೋಣ. ಜಾಝ್, ರಾಕ್, ಹಿಂದೂಸ್ತಾನಿ, ಜಾನಪದ ಎಂಬ ಗೋಡೆಗಳೆಲ್ಲ ಅಂಗಡಿಯವರೂ ಕಂಪನಿಯವರೂ ಕಟ್ಟಿಕೊಂಡದ್ದು, ಎಳೆ ಮಾತ್ರ ಅವುಗಳ ಕೆಳಗೇ ಹಾದು ಹೋಗುತ್ತದೆ. ಇನ್ನೊಬ್ಬರಿಗೆ ಶಿಫಾರಸು ಮಾಡುವಾಗಲೂ ಇದೇ ಕೆಲಸ. ಅವರ ಕಿವಿಯ ಎಳೆ ಯಾವುದೆಂದು ತಿಳಿದು ಅದರ ಇನ್ನೊಂದು ತುದಿಯನ್ನು ಅವರ ಕೈಗೆ ಕೊಡುವುದು.

ದಾವಣಗೆರೆ, ಚಿತ್ರದುರ್ಗದ ಕಡೆಯವರಿಗೆ ಇದರಲ್ಲಿ ಒಂದು ಅನುಕೂಲವಿದೆ. ತುಂಗಭದ್ರೆಯ ಆಚೆ ಹಿಂದೂಸ್ತಾನಿ, ಈಚೆ ಕರ್ನಾಟಕ ಸಂಗೀತ ಎಂದು ಹೇಳುವ ವಾಡಿಕೆಯ ನಟ್ಟನಡುವೆ ನಾವಿದ್ದೇವೆ. ಎರಡೂ ನಮ್ಮ ಕಿವಿಗೆ ಬಿದ್ದಿವೆ. ಇದರ ಮೇಲೆ ವೃತ್ತಿ ರಂಗಭೂಮಿಯ ಹಾಡು, ಮಠಗಳ ವಚನ ಗಾಯನ, ಹಟ್ಟಿಗಳ ಕಾವ್ಯ, ಮದುವೆ ಮೆರವಣಿಗೆಯ ಬ್ಯಾಂಡ್ ಸೆಟ್. ಇಷ್ಟು ಬಗೆಯ ಎಳೆಗಳನ್ನು ಮನೆ ಬಾಗಿಲಲ್ಲೇ ಇಟ್ಟುಕೊಂಡು ಹೊರಡುವ ಭಾಗ್ಯ ಎಲ್ಲರಿಗೂ ಇರುವುದಿಲ್ಲ.

ಹೆಜ್ಜೆ 1: ನಿಮ್ಮ ಎಳೆ ಯಾವುದೆಂದು ಕಂಡುಕೊಳ್ಳಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ. ಎಷ್ಟು ಸಲ ಕೇಳಿದರೂ ಬೇಸರ ಬಾರದ ಹತ್ತು ಹಾಡು ಬರೆಯಿರಿ. ಸಿನಿಮಾದ್ದೇ ಆಗಲಿ, ಭಜನೆಯೇ ಆಗಲಿ, ನಾಚಿಕೆ ಬೇಡ. ಪ್ರತಿಯೊಂದರ ಪಕ್ಕದಲ್ಲಿ ಆ ಹಾಡಿನ ಯಾವ ಗಳಿಗೆಗೆ ನಿಮ್ಮ ಕಿವಿ ನೆಟ್ಟಗಾಗುತ್ತದೆ ಎಂದು ಬರೆಯಿರಿ. ಸಾಹಿತ್ಯ, ನಟ, ಹಳೆಯ ನೆನಪು ಇವನ್ನೆಲ್ಲ ಸ್ವಲ್ಪ ಹೊತ್ತು ಪಕ್ಕಕ್ಕಿಡಿ, ಸದ್ದನ್ನಷ್ಟೇ ಗಮನಿಸಿ. "ತಬಲಾ ಪೂರ್ತಿ ನಿಂತು ಮತ್ತೆ ಬೀಳುವ ಜಾಗ", "ದನಿ ಮೇಲೆ ಹೋದಾಗ ಒಂಚೂರು ಒಡೆಯುವುದು", "ಹಿಂದೆ ಒಂದೇ ಸಮನೆ ಗುಂಯ್‌ಗುಡುವ ಶ್ರುತಿ", "ಒಬ್ಬರು ಹಾಡಿ ಹತ್ತು ಜನ ಹಿಡಿಯುವುದು". ಹೀಗೆ ಬರೆದರೆ ಸಾಕು, ಶಾಸ್ತ್ರದ ಪದ ಬೇಕಿಲ್ಲ.

ಹಾಗೂ ಗೊತ್ತಾಗದಿದ್ದರೆ ಒಂದು ಉಪಾಯವಿದೆ. ಹಾಡು ಮುಗಿದು ಐದು ನಿಮಿಷದ ಮೇಲೆ ನಿಮ್ಮ ದೇಹ ಏನು ಮಾಡುತ್ತಿದೆ ನೋಡಿ. ಬೆರಳು ಮೇಜು ಬಡಿಯುತ್ತಿದ್ದರೆ ನಿಮ್ಮ ಎಳೆ ತಾಳ. ಬಾಯಿ ಗುನುಗುತ್ತಿದ್ದರೆ ಅದು ಧಾಟಿ. ವಾದ್ಯದ ಸದ್ದನ್ನೇ ಬಾಯಲ್ಲಿ ಅಣಕಿಸುತ್ತಿದ್ದರೆ ನಿಮಗೆ ಬೇಕಿರುವುದು ನಾದದ ಮೈ. ಹೆಚ್ಚಿನವರಿಗೆ ಎರಡು ಎಳೆ ಗಟ್ಟಿಯಾಗಿರುತ್ತವೆ. ಅವೆರಡನ್ನು ದಪ್ಪಕ್ಷರದಲ್ಲಿ ಬರೆದುಕೊಳ್ಳಿ. ಮುಂದಿನ ಹುಡುಕಾಟವೆಲ್ಲ ಅಲ್ಲಿಂದ.

ಹೆಜ್ಜೆ 2: ಊರಿನ ಸದ್ದಿನಿಂದ ಹೊರಡಿ

ಇಲ್ಲಿ ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ, ಏಕೆಂದರೆ ನನ್ನ ಪ್ರಕಾರ ಇಡೀ ಕೆಲಸದ ಜೀವ ಇಲ್ಲಿದೆ.

ಮೊದಲು ಉರುಮೆ. ಚಿತ್ರದುರ್ಗ ಸೀಮೆಯ ದೇವರ ಉತ್ಸವಗಳಲ್ಲಿ ಕೇಳಿರುತ್ತೀರಿ. ಎರಡು ಮುಖದ ಚರ್ಮವಾದ್ಯ. ಒಂದು ಮುಖಕ್ಕೆ ಕೋಲಿನ ಪೆಟ್ಟು, ಇನ್ನೊಂದಕ್ಕೆ ಬಾಗಿದ ಕೋಲಿನ ಉಜ್ಜು. ಆ ಉಜ್ಜುವಿಕೆಯಿಂದ ಏಳುವ ನರಳುವಂಥ ನಾದಕ್ಕೆ ಮೈ ಜುಮ್ಮೆನ್ನುವವರು ನೀವಾಗಿದ್ದರೆ, ಚರ್ಮವನ್ನು ಬಡಿಯುವ ಬದಲು ಉಜ್ಜಿ ನುಡಿಸುವ ವಾದ್ಯಗಳು ಜಗತ್ತಿನಲ್ಲಿ ಬೇರೆಲ್ಲಿವೆ ಎಂದು ಹುಡುಕಿ. ಬ್ರೆಜಿಲ್‌ನ ಸಾಂಬಾ ಮೆರವಣಿಗೆಯಲ್ಲಿ ಕುಯೀಕಾ ಸಿಗುತ್ತದೆ. ಅದರಲ್ಲಿ ಚರ್ಮದ ಒಳಬದಿಗೆ ಸಣ್ಣ ಕಡ್ಡಿ ಕಟ್ಟಿ, ಒದ್ದೆ ಬಟ್ಟೆಯಿಂದ ಅದನ್ನು ಉಜ್ಜುತ್ತಾರೆ. ನಗುವ, ಅಳುವ, ಮಾತಾಡುವ ಸದ್ದು ಬರುತ್ತದೆ. ಕುಯೀಕಾ ಹಿಡಿದರೆ ಏರ್ಟೊ ಮೊರೇರಾ ಎಂಬ ಬ್ರೆಜಿಲ್‌ನ ತಾಳವಾದ್ಯಗಾರ ಸಿಗುತ್ತಾರೆ. ಅವರು 1970ರ ಹೊತ್ತಿಗೆ ಅಮೆರಿಕದ ಹೆಸರಾಂತ ಜಾಝ್ ವಾದಕ ಮೈಲ್ಸ್ ಡೇವಿಸ್ ತಂಡದಲ್ಲಿ ನುಡಿಸಿದವರು. ಅಲ್ಲಿಂದ ಆ ಕಾಲದ ವಿದ್ಯುತ್ ವಾದ್ಯಗಳ ಜಾಝ್ ತೆರೆದುಕೊಳ್ಳುತ್ತದೆ. "ಜಾಝ್ ಕೇಳು" ಎಂದಿದ್ದರೆ ಓಡಿಹೋಗುತ್ತಿದ್ದವರು ಉರುಮೆಯ ಬೆನ್ನು ಹತ್ತಿ ತಾವಾಗಿಯೇ ಅಲ್ಲಿಗೆ ತಲುಪುತ್ತಾರೆ.

ಇನ್ನು ಗಣೆ. ಕಾಡುಗೊಲ್ಲರು ತಮ್ಮ ದೈವ ಜುಂಜಪ್ಪನ ಕಾವ್ಯ ಹಾಡುವಾಗ ಊದುವ ಉದ್ದನೆಯ ಬಿದಿರಿನ ಕೊಳಲು. ಕೃಷ್ಣನ ಕೊಳಲಿನ ಇಂಪನ್ನು ನಿರೀಕ್ಷಿಸಿ ಕೂತರೆ ಇದು ದಕ್ಕುವುದಿಲ್ಲ. ಇಲ್ಲಿ ಉಸಿರಿಗೂ ಸ್ವರದಷ್ಟೇ ಬೆಲೆ. ದನ ಕುರಿ ಕಾಯುತ್ತಾ ಬಯಲಲ್ಲಿ ಬದುಕಿದವರ ವಾದ್ಯ ಅದು. ಇದಕ್ಕೆ ಜೋಡಿಯಾಗಿ ಸ್ಲೊವಾಕಿಯಾದ ಕುರಿಗಾಹಿಗಳ ಫುಯಾರಾ ಕೇಳಿ. ಕೆಲವು ಆಳೆತ್ತರವನ್ನೂ ಮೀರುತ್ತವೆ, ಬೆರಳಿಗೆ ಬರೀ ಮೂರು ತೂತು. ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಯಲ್ಲಿ ಅದಕ್ಕೆ ಜಾಗ ಸಿಕ್ಕಿದೆ. ಅಲ್ಲಿಂದ ತುರ್ಕಿಯ ನೇಯ್ (ಕುದ್ಸಿ ಎರ್ಗುನರ್ ಅವರ ವಾದನದಿಂದ ಶುರು ಮಾಡಬಹುದು), ಜಪಾನಿನ ಶಾಕುಹಾಚಿ. ಎಲ್ಲದರಲ್ಲೂ ಉಸಿರು ಕೇಳುತ್ತದೆ. ನಾಲ್ಕನ್ನೂ ಒಂದೇ ಸಂಜೆ ಕೇಳಿದರೆ ಗಣೆ ಎಷ್ಟು ದೊಡ್ಡ ಬಳಗದ ವಾದ್ಯ ಎಂಬುದು ಯಾರೂ ಹೇಳದೆಯೇ ತಿಳಿಯುತ್ತದೆ.

ಸೋಬಾನೆಯಿಂದ ಹೊರಡುವ ದಾರಿ ಇನ್ನೊಂದು. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಸಾವಿರಾರು ಹಾಡುಗಳನ್ನು ನೆನಪಿನಲ್ಲೇ ಇಟ್ಟುಕೊಂಡಿದ್ದವರು. ಅಂಥವರು ಒಂದು ಸೊಲ್ಲು ಎತ್ತಿದರೆ ಉಳಿದವರು ಹಿಡಿಯುತ್ತಾರೆ, ಕೊನೆಯ ಅಕ್ಷರಗಳ ಮೇಲೆ ಎರಡೂ ದನಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ. ಎಸ್ಟೋನಿಯಾದ ಸೆಟೊ ಎಂಬ ಸಮುದಾಯದ ಹೆಂಗಸರ ಲೇಲೊ ಹಾಡುಗಳಲ್ಲಿ ಹೆಚ್ಚೂಕಡಿಮೆ ಇದೇ ಕಟ್ಟು: ಮುಂದಾಳು ಒಂದು ಸಾಲು ಹಾಡುತ್ತಾಳೆ, ಸಾಲಿನ ಕೊನೆಗೆ ಮೇಳದವರು ಸೇರಿಕೊಂಡು ಇಡೀ ಸಾಲನ್ನು ಮತ್ತೆ ಹಾಡುತ್ತಾರೆ. ಬಲ್ಗೇರಿಯಾದ ಹೆಂಗಸರ ಮೇಳಗಳಲ್ಲಿ ಒಂದಕ್ಕೊಂದು ಅಂಟಿದಂಥ ಎರಡು ಸ್ವರಗಳನ್ನು ಒಟ್ಟಿಗೇ ಹಾಡುತ್ತಾರೆ. ಮೊದಲ ಸಲ ಕಿವಿಗೆ ಒರಟು ಅನ್ನಿಸಬಹುದು. ಎರಡನೆಯ ಸಲ ಆ ಒರಟುತನಕ್ಕಾಗಿಯೇ ಕಾಯುತ್ತೀರಿ.

ಬಲ್ಗೇರಿಯಾಕ್ಕೆ ಹೋದ ಮೇಲೆ ತಾಳದವರಿಗೂ ಅಲ್ಲಿ ಹಬ್ಬ. ಅಲ್ಲಿನ ರಾಚೆನಿತ್ಸಾ ಕುಣಿತ ಏಳು ಎಣಿಕೆಯದು, 2+2+3. ನಮ್ಮ ಮಿಶ್ರಚಾಪು, ಹಿಂದೂಸ್ತಾನಿಯ ರೂಪಕ್ ಎರಡೂ ಏಳೇ, ಆದರೆ 3+2+2. ಓದುವುದನ್ನು ನಿಲ್ಲಿಸಿ ಕೈತಟ್ಟಿ ನೋಡಿ. ಮೊದಲು "ತಕಿಟ ತಕ ತಕ", ಆಮೇಲೆ "ತಕ ತಕ ತಕಿಟ". ಅಷ್ಟರಿಂದಲೇ ಅವರ ಕುಣಿತದ ಓಟ ಕಾಲಿಗೆ ಬರುತ್ತದೆ. ಈ ತಾಳದಲ್ಲಿ ಕ್ಲಾರಿನೆಟ್ ನುಡಿಸುವವರ ಪೈಕಿ ಇವೊ ಪಪಾಜೊವ್ ಹೆಸರು ದೊಡ್ಡದು. ಅವರು ಬೆಳೆದದ್ದೇ ಮದುವೆ ಮನೆಗಳ ವಾದನದಲ್ಲಿ. ದಾವಣಗೆರೆಯ ಮದುವೆ ಸೀಸನ್ನಿನಲ್ಲಿ ಬೀದಿಗಿಳಿಯುವ ಬ್ಯಾಂಡ್ ಸೆಟ್ಟಿನ ಕ್ಲಾರಿನೆಟ್, ಟ್ರಂಪೆಟ್ ಇಷ್ಟಪಡುವವರು ಪಪಾಜೊವ್ ಕೇಳಿ, ಆಮೇಲೆ ರೊಮೇನಿಯಾದ ಹಳ್ಳಿಯೊಂದರಿಂದ ಬಂದ ಫಾನ್‌ಫಾರೆ ಚೊಕರ್ಲಿಯಾ ಎಂಬ ಹಿತ್ತಾಳೆ ವಾದ್ಯಗಳ ತಂಡ ಕೇಳಿ. ಆ ವೇಗಕ್ಕೆ ಉಸಿರು ಕಟ್ಟುತ್ತದೆ. ಬ್ಯಾಂಡ್ ಸೆಟ್ಟಿನವರನ್ನು ನಮ್ಮಲ್ಲಿ ಯಾರೂ ಸಂಗೀತಗಾರರೆಂದು ಕರೆಯುವುದಿಲ್ಲ. ಇದು ನನಗೆ ನಿಜವಾಗಿ ನೋವಿನ ವಿಷಯ. ಅವರದೇ ಕಸುಬಿನವರು ಯುರೋಪಿನ ದೊಡ್ಡ ವೇದಿಕೆಗಳಲ್ಲಿ ನುಡಿಸುವುದನ್ನು ಕೇಳಿದ ಮೇಲಾದರೂ ನಮ್ಮ ಬೀದಿಯಲ್ಲಿ ಮೆರವಣಿಗೆ ಹಾದಾಗ ಎರಡು ನಿಮಿಷ ನಿಂತು ಕೇಳುವವರು ಹೆಚ್ಚಲಿ.

ವೃತ್ತಿ ರಂಗಭೂಮಿ ಈ ಊರಿನ ಹೆಮ್ಮೆ. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿಯ ಹೆಸರು ಕೇಳದ ಹಿರಿಯರು ದಾವಣಗೆರೆಯಲ್ಲಿ ಸಿಗುವುದು ಕಷ್ಟ. ಕಂಪನಿ ನಾಟಕದ ಹಾಡಿನಲ್ಲಿ ಎರಡು ಎಳೆಗಳಿವೆ. ಒಂದು ಹಾರ್ಮೋನಿಯಂ. 1940ರಿಂದ 1971ರವರೆಗೆ ಆಕಾಶವಾಣಿ ತನ್ನ ಸ್ಟುಡಿಯೋದೊಳಕ್ಕೆ ಈ ಪೆಟ್ಟಿಗೆಯನ್ನು ಬಿಟ್ಟುಕೊಂಡಿರಲಿಲ್ಲ. ಆ ಕಾಲದಲ್ಲೂ ನಾಟಕದ ರಂಗದ ಪಕ್ಕದಲ್ಲಿ ಅದು ಮೆರೆಯುತ್ತಲೇ ಇತ್ತು. ಗಾಳಿಯಿಂದ ರೀಡು ಮಿಡಿಯುವ ಆ ದನಿ ಇಷ್ಟವಾದವರಿಗೆ ಅರ್ಜೆಂಟೀನಾದ ಬ್ಯಾಂಡೋನಿಯನ್ ಎಂಬ ಗಾಳಿಪೆಟ್ಟಿಗೆ, ಅದರ ಮೇಲೆ ಆಸ್ತೊರ್ ಪಿಯಾಜೊಲ್ಲಾ ನುಡಿಸಿದ ಟ್ಯಾಂಗೊ ಸಂಗೀತ ದೂರವಲ್ಲ. ಎರಡನೆಯದು "ಒನ್ಸ್ ಮೋರ್". ಜನ ಕೂಗಿದರೆ ದೃಶ್ಯ ನಿಲ್ಲಿಸಿ ಹಾಡು ಮತ್ತೆ ಹಾಡುವ ಪದ್ಧತಿ. ಈಜಿಪ್ಟಿನ ಉಮ್ ಕುಲ್ಸುಂ (1975ರಲ್ಲಿ ತೀರಿಕೊಂಡರು) ಇದೇ ರುಚಿಯವರಿಗೆ ಹೇಳಿಮಾಡಿಸಿದ ಗಾಯಕಿ. ತಿಂಗಳ ಮೊದಲ ಗುರುವಾರ ರಾತ್ರಿ ಕೈರೋ ರೇಡಿಯೋದಲ್ಲಿ ಅವರ ಕಚೇರಿ ಬರುತ್ತಿತ್ತು. ಸಭಿಕರು ಕೂಗಿ ಕೇಳಿದಷ್ಟೂ ಸಲ ಅದೇ ಸಾಲನ್ನು ಬೇರೆ ಬೇರೆ ಬಗೆಯಲ್ಲಿ ತಿರುಗಿಸಿ ಹಾಡುತ್ತಿದ್ದರು, ಒಂದೇ ಹಾಡು ಒಂದು ಗಂಟೆ ನಡೆದದ್ದೂ ಉಂಟು. ಸ್ಟುಡಿಯೋ ಧ್ವನಿಮುದ್ರಣ ಬಿಟ್ಟು ಸಭೆಯ ಧ್ವನಿಮುದ್ರಣವನ್ನೇ ಹುಡುಕಿ. ಜನರ ಕೂಗಿಲ್ಲದೆ ಆ ಸಂಗೀತ ಅರ್ಧ ಮಾತ್ರ.

ಹೆಜ್ಜೆ 3: ಹಾಡಿನಿಂದ ಮನುಷ್ಯರಿಗೆ ಹೋಗಿ

ಒಂದು ಇಷ್ಟವಾದರೆ ಅದೇ ಕಲಾವಿದರ ಇನ್ನೊಂದು ಹಾಡಿಗೆ ಹೋಗುವುದು ಎಲ್ಲರ ಅಭ್ಯಾಸ. ಅದರ ಬದಲು ಅವರ ಗುರು ಯಾರು, ಪಕ್ಕದಲ್ಲಿ ನುಡಿಸಿದವರು ಯಾರು, ಧ್ವನಿಮುದ್ರಣ ಹೊರತಂದವರು ಯಾರು, ಈ ಮೂರು ಪ್ರಶ್ನೆ ಕೇಳಿ. ಒಂದೊಂದು ಉತ್ತರವೂ ಬೇರೆ ಬೇರೆ ಊರಿಗೆ ಕರೆದೊಯ್ಯುತ್ತದೆ.

ಗುರುವಿನ ದಾರಿಗೆ ಒಂದು ಉದಾಹರಣೆ. ಭೀಮಸೇನ ಜೋಶಿ, ಗಂಗೂಬಾಯಿ ಹಾನಗಲ್ ಇಬ್ಬರ ಗುರು ಕುಂದಗೋಳದ ಸವಾಯಿ ಗಂಧರ್ವರು, ಅವರ ಗುರು ಕಿರಾಣಾ ಘರಾಣೆಯ ಅಬ್ದುಲ್ ಕರೀಂ ಖಾನ್. ಅದೇ ಘರಾಣೆಯ ಇನ್ನೊಂದು ಕವಲು ಅಬ್ದುಲ್ ವಹೀದ್ ಖಾನ್, ಅವರ ಶಿಷ್ಯ ಪಂಡಿತ್ ಪ್ರಾಣನಾಥ್. ಪ್ರಾಣನಾಥ್ 1970ರಲ್ಲಿ ಅಮೆರಿಕಕ್ಕೆ ಹೋದರು. ಅಲ್ಲಿ ಲಾ ಮಾಂಟ್ ಯಂಗ್, ಟೆರ್ರಿ ರೈಲಿ ಎಂಬ ಇಬ್ಬರು ಸಂಗೀತಗಾರರು ಪ್ರಾಣನಾಥರ ಶಿಷ್ಯರಾದರು. ಒಂದೇ ಸ್ವರದ ಮೇಲೆ ದೀರ್ಘಕಾಲ ನಿಲ್ಲುವ, ಸಣ್ಣ ತುಣುಕನ್ನು ಮತ್ತೆ ಮತ್ತೆ ನುಡಿಸುವ ಅಮೆರಿಕದ ಮಿನಿಮಲಿಸ್ಟ್ ಸಂಗೀತದಲ್ಲಿ ಈ ಇಬ್ಬರದು ಮೊದಲ ಸಾಲಿನ ಹೆಸರು. ಕುಂದಗೋಳದಿಂದ ಹೊರಟವರು ನ್ಯೂಯಾರ್ಕಿನಲ್ಲಿ ಇಳಿಯುತ್ತೀರಿ, ಶ್ರುತಿ ಮಾತ್ರ ಉದ್ದಕ್ಕೂ ಜೊತೆಗಿರುತ್ತದೆ.

ಪಕ್ಕವಾದ್ಯದ ದಾರಿ: ಕದ್ರಿ ಗೋಪಾಲನಾಥ್ ಅವರ ಸ್ಯಾಕ್ಸೊಫೋನ್ ಎಲ್ಲರಿಗೂ ಗೊತ್ತು. ಅಮೆರಿಕದ ಜಾಝ್ ವಾದಕ ರುದ್ರೇಶ್ ಮಹಾಂತಪ್ಪ ಅವರ ಜೊತೆ ಸೇರಿ 2008ರಲ್ಲಿ ಹೊರತಂದ ಧ್ವನಿಮುದ್ರಣ ಕೇಳಿದರೆ ಒಂದೇ ವಾದ್ಯ ಎರಡು ಭಾಷೆಯಲ್ಲಿ ಮಾತಾಡುವುದು ತಿಳಿಯುತ್ತದೆ. ವಾದ್ಯ ಯಂತ್ರದ ದಾರಿಯೂ ಇದೆ. ಮುಂಬೈನ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲ್ಯಾಂಡ್ ಕಂಪನಿಯ ಸಿಂಥಸೈಜರ್, ಡ್ರಮ್ ಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ತಾಳಕ್ಕೆ ನುಡಿಸಿದರು. ಆಗ ಅದನ್ನು ಯಾರೂ ಗಮನಿಸಲಿಲ್ಲ. 2010ರಲ್ಲಿ ಮರುಮುದ್ರಣವಾದಾಗ, ಅಮೆರಿಕದ ಆಸಿಡ್ ಹೌಸ್ ಎಂಬ ಎಲೆಕ್ಟ್ರಾನಿಕ್ ಕುಣಿತದ ಸಂಗೀತ ಹುಟ್ಟುವ ಮೊದಲೇ ಅದೇ ಯಂತ್ರಗಳಿಂದ ಅಂಥದೇ ಸದ್ದು ಇಲ್ಲಿ ಬಂದಿತ್ತಲ್ಲ ಎಂದು ಜಗತ್ತು ಬೆರಗಾಯಿತು.

ಧಾಟಿ ಗುನುಗುವವರಿಗೆ ಒಂದು ಮಾತು. ಕರ್ನಾಟಕ ಸಂಗೀತದ ಮೋಹನ ರಾಗ, ಹಿಂದೂಸ್ತಾನಿಯ ಭೂಪ್, ಎರಡಕ್ಕೂ ಅದೇ ಐದು ಸ್ವರ: ಸ ರಿ ಗ ಪ ಧ. ಇಥಿಯೋಪಿಯಾದ ತಿಜಿತಾ ಧಾಟಿಯ ಒಂದು ಬಗೆಯೂ ಅವೇ ಐದು ಸ್ವರಗಳ ಮೇಲೆ ನಿಂತಿದೆ. ಮುಲಾತು ಅಸ್ತಾತ್ಕೆ ಎಂಬ ವಾದಕ ಅಮೆರಿಕದಲ್ಲಿ ಓದಿ ಬಂದು ಆ ಧಾಟಿಗಳಿಗೆ ಜಾಝ್ ಬೆರೆಸಿದರು. 1990ರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಶುರುವಾದ ಎಥಿಯೋಪಿಕ್ ಎಂಬ ಸರಣಿ ಅವರನ್ನೂ ಅಂಥ ಹಲವರನ್ನೂ ಹೊರಜಗತ್ತಿಗೆ ತಲುಪಿಸಿತು. ಸರಣಿಯ ಒಂದೊಂದು ಭಾಗವೂ ಹೊಸ ಬಾಗಿಲು.

ಹೆಜ್ಜೆ 4: ಎಲ್ಲಿ ಹುಡುಕುವುದು

ರೇಡಿಯೋದಿಂದಲೇ ಶುರು ಮಾಡಿ. ಚಿತ್ರದುರ್ಗ ಆಕಾಶವಾಣಿ ಎಫ್ಎಂ 102.6ರಲ್ಲಿ ಊರಿನ ಜಾನಪದ ಕಲಾವಿದರ ದನಿ ಬರುತ್ತದೆ. ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್‌ನಲ್ಲಿ ದೇಶದ ನೂರಾರು ಆಕಾಶವಾಣಿ ಕೇಂದ್ರಗಳನ್ನು ಬಿಟ್ಟಿ ಕೇಳಬಹುದು. ಅದರಲ್ಲಿ ರಾಗಂ ಎಂಬ ವಾಹಿನಿ ಹಗಲೂ ರಾತ್ರಿ ಶಾಸ್ತ್ರೀಯ ಸಂಗೀತವನ್ನೇ ಬಿತ್ತರಿಸುತ್ತದೆ. ಈಶಾನ್ಯದ, ಲಡಾಖಿನ, ಕಛ್‌ನ ಕೇಂದ್ರಗಳನ್ನು ಒಂದೊಂದು ಸಂಜೆ ಒಂದೊಂದರಂತೆ ಹಾಕಿಕೊಂಡರೆ ದೇಶದೊಳಗೇ ಎಷ್ಟು ಕೇಳದೆ ಉಳಿದಿದೆ ಎಂಬುದು ಗೊತ್ತಾಗುತ್ತದೆ. ಹೊರದೇಶಕ್ಕೆ ರೇಡಿಯೋ ಗಾರ್ಡನ್ ಇದೆ: ಭೂಗೋಳ ತಿರುಗಿಸಿ ಹಸಿರು ಚುಕ್ಕೆ ಮುಟ್ಟಿದರೆ ಆ ಊರಿನ ರೇಡಿಯೋ ಈ ಕ್ಷಣ ಏನು ಬಿತ್ತರಿಸುತ್ತಿದೆಯೋ ಅದು ಕೇಳುತ್ತದೆ.

ಬ್ಯಾಂಡ್‌ಕ್ಯಾಂಪ್‌ನಲ್ಲಿ ಕಲಾವಿದರೇ ತಮ್ಮ ಸಂಗೀತ ಮಾರುತ್ತಾರೆ. ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ಶೇ 15ರಷ್ಟನ್ನು ಆ ತಾಣ ಇಟ್ಟುಕೊಳ್ಳುತ್ತದೆ. ಪ್ರತಿ ಆಲ್ಬಂ ಕೆಳಗೆ ಊರು, ವಾದ್ಯ, ಶೈಲಿಯ ಹೆಸರುಗಳಿರುತ್ತವೆ. ಶೈಲಿ ಬಿಟ್ಟು ಊರಿನ ಹೆಸರು ಒತ್ತಿ. ಒಂದೇ ಊರಿನ ಮೆಟಲ್, ಜಾನಪದ, ಎಲೆಕ್ಟ್ರಾನಿಕ್ ಎಲ್ಲ ಒಟ್ಟಿಗೆ ಸಿಗುತ್ತವೆ. 1948ರಲ್ಲಿ ಶುರುವಾದ, ಈಗ ಸ್ಮಿತ್‌ಸೋನಿಯನ್ ಸಂಸ್ಥೆಯ ವಶದಲ್ಲಿರುವ ಫೋಕ್‌ವೇಸ್ ಸಂಗ್ರಹ ಜಾನಪದಕ್ಕೆ ದೊಡ್ಡ ಆಸರೆ. ಅದರ ಧ್ವನಿಮುದ್ರಣಗಳ ಜೊತೆ ಬರುವ ಟಿಪ್ಪಣಿ ಪುಸ್ತಿಕೆಗಳನ್ನು ಬಿಟ್ಟಿ ಇಳಿಸಿಕೊಂಡು ಓದಬಹುದು. ಹಳೆಯ 78 ಆರ್‌ಪಿಎಂ ಗ್ರಾಮಫೋನ್ ತಟ್ಟೆಗಳಿಗೆ ಇಂಟರ್ನೆಟ್ ಆರ್ಕೈವ್, ಯಾವ ತಟ್ಟೆಯಲ್ಲಿ ಯಾರು ನುಡಿಸಿದರು ಎಂದು ತಿಳಿಯಲು ಡಿಸ್ಕಾಗ್ಸ್ ಎಂಬ ತಾಣ.

ಯೂಟ್ಯೂಬ್‌ನಲ್ಲಿ ಎರಡು ಕೆಲಸ ಮಾಡಿ. ಈ ಹುಡುಕಾಟಕ್ಕೆ ಪ್ರತ್ಯೇಕ ಖಾತೆ ಇರಲಿ, ಮನೆಯ ಮಕ್ಕಳ ಕಾರ್ಟೂನು, ಸುದ್ದಿ ಚಾನೆಲ್ಲು ಅದರೊಳಗೆ ಬೆರೆಯಬಾರದು. ಇನ್ನೊಂದು, ಕಲಾವಿದರ ಹೆಸರನ್ನು ಅವರದೇ ಲಿಪಿಯಲ್ಲಿ ಹುಡುಕಿ. ವಿಕಿಪೀಡಿಯಾ ಪುಟದಲ್ಲಿ ಅರಬ್ಬಿ, ಅಮ್ಹಾರಿಕ್, ಬಲ್ಗೇರಿಯನ್ ಲಿಪಿಯ ಹೆಸರು ಇರುತ್ತದೆ, ಅದನ್ನು ನಕಲು ಮಾಡಿ ಹಾಕಿದರೆ ಸಾಕು. ಇಂಗ್ಲಿಷ್ ಅಕ್ಷರಗಳಲ್ಲಿ ಬಾರದ ಎಷ್ಟೋ ಧ್ವನಿಮುದ್ರಣಗಳು ಎದುರು ಬರುತ್ತವೆ. ಕನ್ನಡಕ್ಕೂ ಇದೇ ನಿಯಮ. "ಗಣೆ", "ಉರುಮೆ", "ರಂಗಗೀತೆ", "ತತ್ವಪದ" ಎಂದು ಕನ್ನಡದಲ್ಲೇ ಬರೆದು ಹುಡುಕಿ.

ಈಚೆಗೆ ಯಂತ್ರವೇ ಹೆಣೆದ "ಮರುಭೂಮಿಯ ಸಂಗೀತ", "ಪುರಾತನ ಕೊಳಲು" ಥರದ ಗಂಟೆಗಟ್ಟಲೆಯ ವಿಡಿಯೋಗಳು ತುಂಬಿವೆ. ಕಲಾವಿದರ ಹೆಸರಿಲ್ಲ, ವರ್ಷವಿಲ್ಲ, ಊರಿಲ್ಲ ಎಂದರೆ ಅನುಮಾನಿಸಿ ಮುಂದೆ ಹೋಗಿ. ಯಾರು, ಎಲ್ಲಿ, ಯಾವಾಗ ಎಂಬುದು ಸಿಗದ ಸಂಗೀತದಿಂದ ಮುಂದಿನ ದಾರಿ ಹೊರಡುವುದಿಲ್ಲ.

ಪರದೆ ಬಿಟ್ಟು ಕಾಲಿಗೂ ಕೆಲಸ ಕೊಡಿ. ನಾಯಕನಹಟ್ಟಿ ತಿಪ್ಪೇಸ್ವಾಮಿಯ ತೇರಿನ ಹೊತ್ತಿಗೆ, ಪ್ರತಿ ವರ್ಷ ಬೇರೆ ಬೇರೆ ಊರಿನಲ್ಲಿ ನಡೆಯುವ ತರಳಬಾಳು ಹುಣ್ಣಿಮೆಗೆ, ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋಗಿ. ಮುಖ್ಯ ವೇದಿಕೆಗಿಂತ ಮೆರವಣಿಗೆಯ ಹಿಂದೆ ನಡೆಯಿರಿ.

ಹೆಜ್ಜೆ 5: ಕೇಳುವ ಬಗೆ

ಅಪರಿಚಿತ ಸಂಗೀತಕ್ಕೆ ಮೂರು ಅವಕಾಶ ಕೊಡಿ, ಮೂರೂ ಬೇರೆ ಬೇರೆ ದಿನ. ಮೊದಲ ಸಲ ಬೇರೆ ಕೆಲಸ ಮಾಡುತ್ತಾ ಕೇಳಿ, ಕಿವಿ ಸದ್ದಿಗೆ ಒಗ್ಗಲಿ. ಎರಡನೆಯ ಸಲ ಇಯರ್‌ಫೋನ್ ಹಾಕಿ ಒಂದೇ ವಾದ್ಯದ ಬೆನ್ನು ಹತ್ತಿ. ಕಡಿಮೆ ಬೆಲೆಯ ತಂತಿಯ ಇಯರ್‌ಫೋನ್ ಸಾಕು. ಮೂರನೆಯ ಸಲ ಮುಗಿದ ಮೇಲೆ ನೋಟ್‌ಬುಕ್ಕಿನಲ್ಲಿ ಹೆಸರು, ಊರು, ವರ್ಷ, ಎಳೆ, ಯಾವ ನಿಮಿಷದಲ್ಲಿ ಕಿವಿ ನೆಟ್ಟಗಾಯಿತು ಎಂದು ಬರೆಯಿರಿ. ಆ ನಿಮಿಷದ ಲೆಕ್ಕ ಮುಂದೆ ಶಿಫಾರಸಿಗೆ ಬೇಕಾಗುತ್ತದೆ. ಮೂರು ಸಲಕ್ಕೂ ಏನೂ ಹತ್ತದಿದ್ದರೆ ಬಿಟ್ಟುಬಿಡಿ. ದೊಡ್ಡ ಹೆಸರು ಎಂಬ ಕಾರಣಕ್ಕೆ ಮೆಚ್ಚಿದಂತೆ ನಟಿಸಿದರೆ ನಿಮ್ಮ ಕಿವಿಯ ಮೇಲೆ ನಿಮಗೇ ನಂಬಿಕೆ ಹೋಗುತ್ತದೆ.

ಉದ್ದದ ಕೃತಿಗಳನ್ನು ನಡುವಿನಿಂದ ಶುರು ಮಾಡುವುದರಲ್ಲಿ ತಪ್ಪಿಲ್ಲ. ನಿಧಾನದ ಆಲಾಪ ಹಿಡಿಸದವರು ವೇಗದ ಭಾಗವಾದ ದ್ರುತ್‌ನಿಂದ ಹಿಂದಕ್ಕೆ ಬರಲಿ.

ಹೆಜ್ಜೆ 6: ಇನ್ನೊಬ್ಬರಿಗೆ ಕೇಳಿಸುವುದು

ಹತ್ತು ಲಿಂಕ್ ಕಳಿಸಿದರೆ ಯಾರೂ ಒಂದನ್ನೂ ತೆರೆಯುವುದಿಲ್ಲ. ಒಬ್ಬರಿಗೆ ಒಂದೇ ಹಾಡು. ಅದರ ಜೊತೆ ಮೂರು ವಿಷಯ ಹೇಳಿ: ಅವರಿಗೆ ಈಗಾಗಲೇ ಗೊತ್ತಿರುವ ಯಾವುದಕ್ಕೆ ಇದು ಹತ್ತಿರ, ಏನನ್ನು ಗಮನಿಸಬೇಕು, ಎಲ್ಲಿಂದ ಕೇಳಬೇಕು. ಪ್ರಕಾರದ ಹೆಸರು ಹೇಳಲೇಬೇಡಿ. "ಅದ್ಭುತ", "ಕೇಳಿದರೆ ಕಳೆದುಹೋಗ್ತೀರಿ" ಎಂಬ ಮಾತೂ ಬೇಡ. ಅಷ್ಟು ಹೊಗಳಿದ ಮೇಲೆ ಕೇಳುವವರು ಸಂಗೀತಕ್ಕಿಂತ ನಿಮ್ಮ ಹೊಗಳಿಕೆಯನ್ನೇ ತೂಗುತ್ತಾರೆ.

ನಾಟಕದ ಹುಚ್ಚಿರುವ ಹಿರಿಯರೊಬ್ಬರಿಗೆ ಹೀಗೆ ಹೇಳಬಹುದು: "ಕಾಕಾ, ನಾಟಕದಾಗ ನೀವು ಒನ್ಸ್ ಮೋರ್ ಅಂದ್ರೆ ಹಾಡು ತಿರುಗಿ ಹಾಡ್ತಿದ್ರಲ್ರಿ, ಈಜಿಪ್ಟಿನಾಗೂ ಹಂಗೇ ಹಾಡೋ ಒಬ್ಬ ಅಮ್ಮ ಇದ್ರು. ಮಾತು ತಿಳಿಯಂಗಿಲ್ಲ, ಚಿಂತಿಲ್ಲ. ಜನ ಕೂಗಿದ ಮ್ಯಾಲೆ ಅದೇ ಸಾಲು ಹೆಂಗೆ ಬದಲಾಗ್ತೈತಿ ಅಷ್ಟು ಕೇಳ್ರಿ ಸಾಕು." ಗಣಪತಿ ಮೆರವಣಿಗೆಯ ಡಿಜೆಗೆ ಕುಣಿಯುವ ಹುಡುಗನಿಗೆ: "ತಮ್ಮಾ, ನೀ ಹುಟ್ಟೋಕಿಂತ ಎಷ್ಟೋ ಮೊದ್ಲು ಮುಂಬೈನಾಗೆ ಒಬ್ರು ಭೈರವ್ ರಾಗಾನ ಈ ಬೀಟಿಗೆ ನುಡಿಸ್ಯಾರ. ಸ್ಪೀಕರ್‌ಗೆ ಹಾಕಿ ಕೇಳು, ಫೋನಿನಾಗೆ ಬ್ಯಾಡ."

ಕಳಿಸಿದ ಮರುದಿನವೇ "ಕೇಳಿದ್ಯಾ?" ಎಂದು ಬೆನ್ನು ಬೀಳಬೇಡಿ. ಅವರಾಗಿಯೇ ಹೇಳಿದಾಗ, ಹಿಡಿಸಲಿಲ್ಲ ಎಂದರೆ, ಏನು ಹಿಡಿಸಲಿಲ್ಲ ಎಂದು ಕೇಳಿ. "ದನಿ ಕಿರುಚಿದಂಗೆ ಇತ್ತು" ಎಂದರೆ ಮುಂದಿನ ಸಲ ಬರೀ ವಾದ್ಯದ್ದು ಕೊಡಿ. "ಬಹಳ ಉದ್ದ" ಎಂದರೆ ಮೂರು ನಿಮಿಷದ 78ರ ತಟ್ಟೆಯದು ಕೊಡಿ. ಬೇಡ ಅಂದ ಕಾರಣವೇ ಮುಂದಿನ ಆಯ್ಕೆಗೆ ದಾರಿ ತೋರಿಸುತ್ತದೆ. ಅವರ ಕಡೆಯಿಂದಲೂ ಒಂದು ಹಾಡು ಕೇಳಿ ಪಡೆದುಕೊಳ್ಳಿ, ಪಡೆದದ್ದನ್ನು ಮೂರು ಸಲ ಕೇಳಿ. ಬರೀ ಕೊಡುವವರ ಮಾತನ್ನು ಜನ ಬಹಳ ದಿನ ಕೇಳುವುದಿಲ್ಲ.

ನಾಲ್ಕೈದು ಜನ ಸೇರಿ ಭಾನುವಾರ ಸಂಜೆ ಮನೆಯಲ್ಲೇ ಕೂತು ಕೇಳುವುದು ಇನ್ನೂ ಒಳ್ಳೆಯದು. ಒಬ್ಬರಿಗೆ ಎರಡು ಹಾಡು, ಒಂದೇ ಸ್ಪೀಕರ್, ಫೋನುಗಳೆಲ್ಲ ಒಳಕೋಣೆಯಲ್ಲಿ. ಹಾಕುವ ಮೊದಲು ಊರು, ವಾದ್ಯ, ವರ್ಷ ಇಷ್ಟೇ ಹೇಳಿ. ಕತೆ, ಮಹಿಮೆ ಎಲ್ಲ ಕೇಳಿದ ಮೇಲೆ. ಮೊದಲು ಎಲ್ಲರಿಗೂ ಪರಿಚಯದ ಸದ್ದಿರಲಿ, ತೀರಾ ವಿಚಿತ್ರವಾದದ್ದನ್ನು ನಡುವಿನಲ್ಲಿ ಇಡಿ. ಮೊದಲಿಗೇ ಇಟ್ಟರೆ ಅರ್ಧ ಜನ ಎದ್ದು ಮಂಡಕ್ಕಿ ಮೆಣಸಿನಕಾಯಿ ತರಲು ಹೋಗುತ್ತಾರೆ, ಕೊನೆಗೆ ಇಟ್ಟರೆ ದಣಿದ ಕಿವಿಗೆ ಬೀಳುತ್ತದೆ.

ಹೆಜ್ಜೆ 7: ಊರಿನ ಕಲಾವಿದರನ್ನು ಧ್ವನಿಮುದ್ರಿಸುವುದಾದರೆ

ಇಷ್ಟು ದೂರ ಬಂದವರಿಗೆ ಒಂದಲ್ಲ ಒಂದು ದಿನ ಹಟ್ಟಿಗೆ ಹೋಗಿ ತಾವೇ ಧ್ವನಿಮುದ್ರಿಸುವ ಆಸೆ ಬರುತ್ತದೆ. ಬರಲಿ. ಆದರೆ ಜುಂಜಪ್ಪನ ಹಾಡು ಅಲ್ಲಿಯವರಿಗೆ ಪೂಜೆ. ಯಾವುದನ್ನು ಯಾವಾಗ ಹಾಡಬಹುದು, ಹೊರಗಿನವರಿಗೆ ಕೇಳಿಸಬಹುದೇ ಎಂಬುದನ್ನು ಹಟ್ಟಿಯ ಹಿರಿಯರೇ ಹೇಳಬೇಕು. ಮೊದಲ ಭೇಟಿಯಲ್ಲಿ ಫೋನ್ ಜೇಬಿನಿಂದ ತೆಗೆಯದೆ ಕೂತು ಕೇಳಿ ಬನ್ನಿ. ಒಪ್ಪಿಗೆ ಸಿಕ್ಕ ಮೇಲೆ ಏರೋಪ್ಲೇನ್ ಮೋಡ್ ಹಾಕಿ, ಗುಣಮಟ್ಟವನ್ನು ಗರಿಷ್ಠಕ್ಕೆ ಇಟ್ಟು, ಚರ್ಮವಾದ್ಯದಿಂದ ದೂರ, ಹಾಡುವವರಿಗೆ ಹತ್ತಿರ, ಮಡಚಿದ ಟವೆಲ್ ಮೇಲೆ ಫೋನ್ ಇಡಿ. ಬರೀ ನೆಲದ ಮೇಲಿಟ್ಟರೆ ಕಾಲಿನ ಸದ್ದೆಲ್ಲ ಒಳಗೆ ಬರುತ್ತದೆ. ಶುರುವಿನಲ್ಲಿ ಹಾಡುವವರ ಬಾಯಿಂದಲೇ ಹೆಸರು, ಊರು, ಹಾಡು ಯಾರಿಂದ ಕಲಿತದ್ದು ಎಂದು ಹೇಳಿಸಿಕೊಳ್ಳಿ. ಕಡತ ಎಷ್ಟು ಕೈ ದಾಟಿದರೂ ಆ ವಿವರ ಒಳಗೇ ಉಳಿಯುತ್ತದೆ.

ಅವರ ಒಂದು ದಿನದ ಕೂಲಿ ತಪ್ಪಿಸಿದ್ದೀರಿ, ಕೂಲಿಗಿಂತ ಹೆಚ್ಚೇ ಕೊಡಿ. ರಾತ್ರಿಯಿಡೀ ಹಾಡುವ ಕಾವ್ಯವನ್ನು ಮೂವತ್ತು ಸೆಕೆಂಡಿನ ರೀಲ್ಸ್ ಮಾಡಿ ಹಂಚಬೇಡಿ. ಒಪ್ಪಿಗೆಯಿದ್ದರೆ ಪೂರ್ತಿ ಹಾಕಿ, ಹೆಸರು ಮೊದಲ ಸಾಲಿನಲ್ಲಿರಲಿ. ಧ್ವನಿಮುದ್ರಣದ ಒಂದು ಪ್ರತಿಯನ್ನು ಪೆನ್‌ಡ್ರೈವ್‌ಗೆ ಹಾಕಿ, ಇನ್ನೊಂದನ್ನು ಮನೆಯ ಹುಡುಗರ ಫೋನಿಗೆ ಕಳಿಸಿ ಬನ್ನಿ. ಅಜ್ಜನ ಹಾಡು ಮೊಮ್ಮಕ್ಕಳ ಫೋನಿನಲ್ಲಿ ಇಲ್ಲದೆ ನಿಮ್ಮ ಚಾನೆಲ್ಲಿನಲ್ಲಿ ಮಾತ್ರ ಇದ್ದರೆ ಆ ಕೆಲಸ ಇನ್ನೂ ಮುಗಿದಿಲ್ಲ.